ಹಿಂದಿನ ಬೆಂಚಿನ ಗೃಹಿಣಿ

ಬೆಳಿಗ್ಗೆ ಏಳು ಗಂಟೆ. ಎಂಜಿನಿಯರಿಂಗ್ ವಿಭಾಗದ ಮೂರನೇ ಮಹಡಿಗೆ ನಮ್ಮ ಹೀರೋ ಎಂಟ್ರಿ ಕೊಡುತ್ತಾರೆ. ಶಿಳ್ಳೆಯಿಲ್ಲ. ಸ್ಲೋ ಮೋಷನ್ ಮಾತ್ರ ಇದೆ, ಅದೂ ಮಂಡಿನೋವಿನ ಕೃಪೆ. ಇವರು ಉದ್ಯಮಶೀಲತೆ ಕಲಿಸುವ ಗುತ್ತಿಗೆ ಮೇಷ್ಟ್ರು, ಹುಡುಗರ ಬಾಯಲ್ಲಿ 'ಫೋನ್ ಮೇಷ್ಟ್ರು'. ಇವರ ಕ್ಲಾಸಿನಲ್ಲಿ ಹುಡುಗರು ಏನಾದರೂ ತಯಾರಿಸುವ ಮೊದಲು ಹತ್ತು ಅಪರಿಚಿತರನ್ನು 'ಇದು ನಿಮಗೆ ಬೇಕಾ' ಎಂದು ಕೇಳಿ, ಉತ್ತರದ ಜೊತೆ ಅವರ ನಂಬರನ್ನೂ ಬರೆದು ತರಬೇಕು. ಮೇಷ್ಟ್ರು ಆ ನಂಬರುಗಳಿಗೆ ಫೋನ್ ಮಾಡುತ್ತಾರೆ. ದಿನಕ್ಕೆ ನಲವತ್ತು ಕರೆ, ಮೂವತ್ತು ಬೈಗುಳ.

ಇವತ್ತು ಕೈಯಲ್ಲಿರುವುದು, ನೀರು ಕುಡಿಯಲು ನೆನಪಿಸಿ ಕೂಗುವ ಬಾಟಲಿ ಮಾಡಹೊರಟ ಹುಡುಗನ ಹಾಳೆ. ಹತ್ತಕ್ಕೆ ಹತ್ತೂ ಜನ 'ಬೇಕೇ ಬೇಕು' ಅಂದಿದ್ದಾರೆ. ಮೇಷ್ಟ್ರು ನಾಲ್ಕನೆಯ ನಂಬರ್ ಒತ್ತುತ್ತಾರೆ: 'ಗೃಹಿಣಿ, ವಯಸ್ಸು ಐವತ್ತೆರಡು'. ಹಿಂದಿನ ಬೆಂಚಿನಲ್ಲಿ ರಿಂಗ್ ಆಗುತ್ತದೆ.

"ಏನಮ್ಮಾ, ಅಡುಗೆ ಆಯ್ತಾ?"

ಗಡ್ಡ ಬಿಟ್ಟ ಗೃಹಿಣಿ ತಲೆ ತಗ್ಗಿಸುತ್ತಾಳೆ.

"ಸಂಜೆಯೊಳಗೆ ನಿಜವಾದ ಹತ್ತು ಜನರನ್ನ ಕೇಳ್ಕೊಂಡು ಬಾ," ಎಂದು ಬಾಟಲಿ ಹುಡುಗನಿಗೆ ಹೇಳಿ ಮೇಷ್ಟ್ರು ಕುರ್ಚಿಗೆ ಒರಗುತ್ತಾರೆ. ಬೈಯಲೂ ತ್ರಾಣವಿಲ್ಲ.

ಇದು ಐಚ್ಛಿಕ ವಿಷಯ. ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೆ ಕ್ಲಾಸ್ ಉಳಿಯುತ್ತದೆ. ಒಂದು ಕಮ್ಮಿಯಾದರೂ ಮೇಷ್ಟ್ರ ಕೆಲಸ ಹೋಗುತ್ತದೆ. ಪಟ್ಟಿ ಇವತ್ತು ಐದಕ್ಕೆ ಮುಚ್ಚುತ್ತದೆ. ಫೋನ್ ಕಾಟ ತಾಳದೆ ಒಂಬತ್ತು ಜನ ಜಾಗ ಖಾಲಿ ಮಾಡಿದ್ದಾರೆ; ಉಳಿದಿರುವುದು ಸರಿಯಾಗಿ ಇಪ್ಪತ್ತು.

"ಫೋನ್ ಬಿಟ್ಬಿಡಿ ಅಂತಾರೆ ಎಲ್ರೂ, ನಮ್ಮನೆಯವಳೂ ಸೇರಿ," ಎನ್ನುತ್ತಾರೆ ಮೇಷ್ಟ್ರು, ನಮ್ಮ ಕಡೆ ತಿರುಗಿ. "ನಾನೂ ಎಂಜಿನಿಯರೇ. ಬಟ್ಟೆ ಒಣಗಿಸೋ ಕಪಾಟು ಕಂಡುಹಿಡಿದೆ. ಯಾರನ್ನೂ ಕೇಳ್ದೇ ನಲವತ್ತು ಮಾಡಿಸ್ದೆ. ಮೂರೇ ಮಾರಾಟ ಆಗಿದ್ದು. ಒಂದನ್ನ ಭಾವಮೈದ ತಗೊಂಡ. ಇವತ್ತಿಗೂ ನನ್ ಹತ್ರ ಮಾತಾಡಲ್ಲ."

ನಾಲ್ಕೂ ಐವತ್ತಕ್ಕೆ ಬಾಟಲಿ ಹುಡುಗ ಬೆವರು ಒರೆಸಿಕೊಳ್ಳುತ್ತ ಬರುತ್ತಾನೆ.

"ಒಂಬತ್ತು ಜನ ಬೇಡ ಅಂದ್ರು ಸಾರ್. ಟೈಲರ್ ಒಬ್ರು, 'ಬಾಯಾರಿದ್ರೆ ನಂಗೇ ಗೊತ್ತಾಗುತ್ತಲ್ಲಪ್ಪಾ, ಬಾಟಲಿ ಯಾಕೆ ಹೇಳ್ಬೇಕು' ಅಂದ್ರು."

"ಹತ್ತನೆಯವರು?"

"ನಾಯಿ ಬಿಟ್ರು." ಹುಡುಗ ಬೆಂಚಿನ ಮೇಲೆ ಕುಸಿಯುತ್ತಾನೆ. "ಐಡಿಯಾನೇ ಸತ್ತೋಯ್ತು. ನನ್ ಹೆಸರು ತೆಗೆದುಬಿಡ್ಲಾ ಸಾರ್?"

ಆ ಒಂದು ಹೆಸರಿನ ಬೆಲೆ ಅವನಿಗೆ ಗೊತ್ತಿಲ್ಲ. ಮೇಷ್ಟ್ರು ಪಟ್ಟಿಯನ್ನೂ ಪೆನ್ನನ್ನೂ ಅವನ ಕಡೆ ಸರಿಸುತ್ತಾರೆ. "ನಿನ್ನಿಷ್ಟ ಕಣಪ್ಪ."

ಹುಡುಗ ಪೆನ್ನು ತಿರುಗಿಸುತ್ತ ಕೂರುತ್ತಾನೆ. ಆಮೇಲೆ ಕೆಳಗಿಡುತ್ತಾನೆ. "ಆ ಟೈಲರ್‌ಗೆ ಬಗ್ಗಿ ಬಗ್ಗಿ ಕುತ್ತಿಗೆ ನೋವಂತೆ. ನಾಳೆ ಹೋಗಿ ಅದೇನು ಅಂತ ಕೇಳ್ಲಾ?"

"ಕೇಳು."

ಹುಡುಗ ಹೋದ ಮೇಲೆ ಮೇಷ್ಟ್ರು ಪಟ್ಟಿ ಹಿಡಿದು ಆಫೀಸಿನತ್ತ ಕಾಲೆಳೆಯುತ್ತಾರೆ.

"'ಹೋಗ್ಬೇಡ ಇರೋ' ಅಂತ ನಾಲಿಗೆ ತುದಿಗೆ ಬಂದಿತ್ತು," ಎನ್ನುತ್ತಾರೆ ಮೆಟ್ಟಿಲಲ್ಲಿ ನಿಂತು. "ಹೇಳ್ಲಿಲ್ಲ ನೋಡಿ. ಅಷ್ಟು ಕಲಿಯೋಕೆ ಹನ್ನೊಂದು ವರ್ಷ ಪಾಠ ಮಾಡ್ಬೇಕಾಯ್ತು."