ಗಿಟಾರಿಗೆ ಕಟ್ಟಿದ ಹಿಪ್ಪುನೇರಳೆ ಕಡ್ಡಿ

ರತ್ನ, ಆ ದಿನ ತಪ್ಪಿದ್ದು ನಿನ್ನ ಗಂಟಲಲ್ಲ. ನನ್ನ ಕೈಯಲ್ಲಿದ್ದ ಗಿಟಾರು. ಅದೂ ತಾನಾಗಿ ತಪ್ಪಲಿಲ್ಲ — ನಾನೇ ತಪ್ಪಿಸಿದೆ. ಕೈಜಾರಿ ಆಗಿದ್ದಲ್ಲ, ಮರೆತು ಆಗಿದ್ದಲ್ಲ. ಬೇಕೆಂದೇ ಮಾಡಿದೆ.

ಇಷ್ಟು ಹೇಳುವುದಕ್ಕೆ ನನಗೆ ಹದಿಮೂರು ವರ್ಷ ಬೇಕಾಯಿತು; ನಡುವೆ ಒಂದು ಮಹಾಯುದ್ಧವೇ ಶುರುವಾಗಿ ಮುಗಿಯಿತು. ಈಗಲೂ ಮೊದಲು ನಿನ್ನ ತಪ್ಪನ್ನೇ ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ. ನನ್ನ ಬುದ್ಧಿ ನಿನಗೆ ಗೊತ್ತೇ ಇದೆಯಲ್ಲ. ಹೇಳಿಬಿಡುತ್ತೇನೆ, ಆದರೆ ಅದನ್ನು ನೆಪವೆಂದು ಮಾತ್ರ ತಿಳಿಯಬೇಡ.

ಕೋಲಾರದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಓದು ಮುಗಿಸಿ, ಅಲ್ಲೇ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದೆವು ನಾವಿಬ್ಬರೂ. ಸುಗಟೂರಿನ ನಾನು, ಬೈರಕೂರಿನ ನೀನು. ಹಾಡು ಕಲಿಸುತ್ತಿದ್ದ ದೊರೆಸಾನಿ ತಮ್ಮ ದೇಶಕ್ಕೆ ಹೊರಟಾಗ ಗಿಟಾರನ್ನು ನಮಗೇ ಬಿಟ್ಟುಹೋದರು. ಅದರ ಕತ್ತಿಗೆ ಅಡ್ಡ ಬಿಗಿದು ಶ್ರುತಿ ಏರಿಸುವ ಕಬ್ಬಿಣದ ಪಟ್ಟಿ, ಕ್ಯಾಪೊ, ಮಾತ್ರ ಮುರಿದುಹೋಗಿತ್ತು. ನಮ್ಮ ತೋಟದಿಂದ ನಾನೊಂದು ಹಿಪ್ಪುನೇರಳೆ ಕಡ್ಡಿ ತಂದೆ, ನೀನು ಹಳೆಯ ಸೈಕಲ್ ಟ್ಯೂಬು ಸೀಳಿದೆ. ಆರೂ ತಂತಿಗಳ ಮೇಲೆ ಕಡ್ಡಿ ಅಡ್ಡ ಇಟ್ಟು ಟ್ಯೂಬಿನಿಂದ ಬಿಗಿದರೆ ಆಯಿತು, ನಮ್ಮ ಕ್ಯಾಪೊ! ಮೊದಲ ಸಲ ಅದು ಹಿಡಿದು ನಿಂತಾಗ ನೀನು ಕುಣಿದಾಡಿದ್ದೆ.

ಆದರೆ ಆ ಟ್ಯೂಬು ಬಲು ಮೊಂಡು. ಸಡಿಲವಾದರೆ ತಂತಿ ಗೊರಗುಟ್ಟುತ್ತದೆ; ಬಿಗಿಯಾದರೆ ತಂತಿ ಮರದೊಳಕ್ಕೆ ಒತ್ತಿಕೊಂಡು ಸ್ವರ ಏರಿಬಿಡುತ್ತದೆ. ಆದ್ದರಿಂದ ಕಡ್ಡಿಯನ್ನು ಕತ್ತಿನ ಮೇಲಿನ ಲೋಹದ ಮೆಟ್ಟಿನ ಬೆನ್ನಿಗೇ ತಾಗುವಂತೆ ಕೂರಿಸಬೇಕು, ಗೊರಗುಟ್ಟುವುದು ನಿಲ್ಲುವಷ್ಟೇ ಬಿಗಿಯಬೇಕು. ಕಟ್ಟಿದ ಮೇಲೆ ಒಂದೊಂದೇ ತಂತಿಯನ್ನು ಮೀಟಿ, ಬಿರಡೆ ತಿರುಗಿಸಿ, ಮತ್ತೆ ಶ್ರುತಿ ಮಾಡಬೇಕು. ಬಿಚ್ಚಿದ ಮೇಲೂ ಅಷ್ಟೇ. ಆ ತಾಳ್ಮೆ ನನಗಿತ್ತು, ನಿನಗಿರಲಿಲ್ಲ. ‘ನೀನು ಕಟ್ಟೇ ಜಯಾ, ನಾನು ಹಾಡ್ತೀನಿ’ ಎನ್ನುತ್ತಿದ್ದೆ. ನಮ್ಮಲ್ಲಿ ಒಂದು ಕಟ್ಟಳೆಯೇ ಆಗಿಹೋಯಿತು — ನಾನು ತಂತಿ ಮೀಟಿ ತಲೆಯಾಡಿಸುವುದು, ನೀನು ಕೈಮುಗಿದು ಕಣ್ಣುಮುಚ್ಚಿ ಹಾಡು ಎತ್ತಿಕೊಳ್ಳುವುದು. ನನ್ನ ತಲೆ ಆಡಿತೆಂದರೆ ನಿನಗೆ ಮತ್ತೆ ಅನುಮಾನವಿರಲಿಲ್ಲ.

ಹಾಡಿನ ಟೀಚರ ಕೆಲಸ ಒಂದೇ ಖಾಲಿಯಿತ್ತು. ಹಂಚಿಕೊಂಡು ಮಾಡುತ್ತೇವೆಂದು ಇಬ್ಬರೂ ಸೇರಿಯೇ ಕೇಳೋಣ, ಒಬ್ಬರನ್ನೇ ಕರೆದರೆ ಇಬ್ಬರೂ ಬೇಡವೆನ್ನೋಣ ಎಂದುಕೊಂಡೆವು. ನನ್ನ ಕೈಯನ್ನು ನೀನೇ ನಿನ್ನ ತಲೆಯ ಮೇಲಿಟ್ಟುಕೊಂಡು, ನಿಮ್ಮ ಮನೆಯ ತೆಲುಗಿನಲ್ಲೇ ಆಣೆ ಮಾಡಿದೆ — ‘ನಾ ಮೀದ ಒಟ್ಟು, ಜಯಾ.’ ಅದಾಗಿ ವಾರ ಕಳೆದಿರಲಿಲ್ಲ. ದೊಡ್ಡ ಟೀಚರು ನನ್ನನ್ನು ಕರೆದು, ‘ರತ್ನ ಬಂದು ಕೇಳ್ಕೊಂಡು ಹೋದ್ಲು. ನಿಂಗೆ ಆ ಕೆಲಸ ಇಷ್ಟ ಇಲ್ವಂತೆ? ಹಾಡಿಸಿ ನೋಡೋ ಪರೀಕ್ಷೆ ದಿನ ಅವಳಿಗೆ ಗಿಟಾರು ಹಿಡೀತೀಯಂತೆ?’ ಎಂದರು.

ಇಷ್ಟವಿಲ್ಲವಂತೆ! ನನ್ನ ಬಾಯಿಂದ ನೀನೇ ಮಾತಾಡಿಬಿಟ್ಟಿದ್ದೆ. ಕೆಲಸ ಹೋದದ್ದಕ್ಕಲ್ಲ ನನಗೆ ಉರಿದದ್ದು — ನಿನ್ನ ತಲೆಯ ಕೂದಲು ನನ್ನ ಅಂಗೈಗೆ ತಾಗಿದ್ದು ಇನ್ನೂ ನೆನಪಿತ್ತಲ್ಲ, ಅದಕ್ಕೆ.

ನೀನು ಹಾಗೇಕೆ ಮಾಡಿದೆಯೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಬರೆದಿದ್ದರೆ ಈ ಕಾಗದ ಓದುವ ಬೇರೆಯವರು ನನ್ನನ್ನು ಅರ್ಧ ಕ್ಷಮಿಸಿಯೂ ಬಿಡುತ್ತಿದ್ದರೇನೋ. ಆದರೆ ಗೊತ್ತಿತ್ತು. ಪರೀಕ್ಷೆಯ ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ನೀನೇ ಹೇಳಿದೆ. ‘ಸುಳ್ಳು ಹೇಳ್ಬಿಟ್ಟೆ ಕಣೇ. ಶ್ರೀನಿವಾಸಪುರದ ಆ ಮಾವಿನಮಂಡಿಯವ್ನಿಗೆ ಕೊಡ್ತೀನಿ ಅಂತ ಕೂತವ್ನೆ ನಮ್ಮಪ್ಪ. ಹೆಂಡ್ತಿ ಸತ್ತವ್ನು, ನಮ್ಮಪ್ಪನ ವಯಸ್ಸೇ ಅವ್ನಿಗೂ. ಕೆಲಸ ಸಿಕ್ರೆ ಬಿಡ್ತೀನಿ ಅಂದವ್ನೆ. ನಿಂಗೆ ಹೇಳೋಕೆ ನಾಚ್ಕೆ ಆಯ್ತು, ಜಯಾ.’ ನಾನು ‘ಹೋಗ್ಲಿ ಬಿಡೇ’ ಎಂದೆ. ನಕ್ಕೆ ಕೂಡ. ಒಳಗೆ ಮಾತ್ರ — ನಾಚಿಕೆಯಂತೆ! ಮೊದಲೇ ಹೇಳಿದ್ದರೆ ನಾನಾಗಿಯೇ ಬಿಟ್ಟುಕೊಡುತ್ತಿರಲಿಲ್ಲವೇ? ಕೊಡುತ್ತಿದ್ದೆನೋ ಇಲ್ಲವೋ, ಈಗ ಯಾರಿಗೆ ಗೊತ್ತು.

ಮೊದಲ ಹಾಡಿಗೆ ಸರಿಯಾಗಿಯೇ ಶ್ರುತಿ ಮಾಡಿದೆ. ನೀನು ಹಾಡಿದ್ದು ಕೇಳಿ ದೊಡ್ಡ ಟೀಚರ ಪಕ್ಕದಲ್ಲಿ ಕೂತಿದ್ದ ಹಿರಿಯರು ತಲೆದೂಗಿದರು. ಎರಡನೆಯದು ಏರುಶ್ರುತಿಯ ಹಾಡು. ಕಡ್ಡಿಯನ್ನು ನಾಲ್ಕನೆಯ ಮೆಟ್ಟಿಗೆ ಸರಿಸಿದೆ. ಟ್ಯೂಬನ್ನು ಒಂದು ಸುತ್ತು ಹೆಚ್ಚು ಬಿಗಿದೆ — ಬೆರಳು ಬೆಳ್ಳಗಾಗುವಷ್ಟು. ಮತ್ತೆ ಶ್ರುತಿ ನೋಡಲಿಲ್ಲ. ಸ್ವರ ಏರಿದ್ದು ನನ್ನ ಕಿವಿಗೆ ಕೇಳಿಸಿತು. ಒಂದೇ ತಂತಿ ಮೀಟಿ ನಿನಗೆ ಸ್ವರ ಕೊಟ್ಟು, ಕೂಡಲೇ ಎಲ್ಲ ತಂತಿಗಳ ಮೇಲೂ ಅಂಗೈ ಒತ್ತಿ ಸುಮ್ಮನಾಗಿಸಿದೆ. ತಲೆಯಾಡಿಸಿದೆ. ನೀನು ಕೈಮುಗಿದು ಎತ್ತಿಕೊಂಡೆ.

ಎರಡನೆಯ ಸಾಲಿಗೆ, ಮೊದಲ ಹಾಡಿನಂತೆಯೇ, ಶಾಲೆಯ ಹಾರ್ಮೋನಿಯಂ ತನ್ನ ಸರಿಯಾದ ಶ್ರುತಿಯಲ್ಲಿ ಸೇರಿತು. ಅದು ಒಂದು ದಾರಿ, ನೀನು ಒಂದು ದಾರಿ. ನೀನು ಕಣ್ಣು ತೆರೆದು ನನ್ನತ್ತ ನೋಡಿದೆ. ಆ ನೋಟವನ್ನು ನಾನು — ಏನೆಂದು ಬರೆಯಲಿ? ‘ಸರಿಯಿದ್ದೀನೇನೇ?’ ಎಂದು ಕೇಳಿದ್ದು ಅಷ್ಟೇ. ನಾನು ಮತ್ತೆ ತಲೆಯಾಡಿಸಿದೆ. ನನ್ನನ್ನು ನಂಬಿ ನೀನು ಅದೇ ಸ್ವರದಲ್ಲಿ ಇನ್ನಷ್ಟು ಗಟ್ಟಿಯಾಗಿ ಹಾಡಿದೆ. ಹಿರಿಯರು ಮುಖ ಕಿವುಚಿದರು.

ಎಲ್ಲರೂ ಅತ್ತ ತಿರುಗಿದಾಗ ನಾನು ಟ್ಯೂಬು ಬಿಚ್ಚಿ ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಹೊರಗೆ ಬಂದು ನೀನು ಒಂದೇ ಮಾತು ಆಡಿದೆ. ‘ನನ್ ಗಂಟ್ಲೇ ಕೈಕೊಡ್ತಲ್ಲೇ, ಜಯಾ.’ ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ದೊಡ್ಡ ಟೀಚರು ಮತ್ತೆ ನನ್ನನ್ನೇ ಕೇಳಿದರು, ಕೆಲಸ ನನ್ನದಾಯಿತು. ನೀನು ಶ್ರೀನಿವಾಸಪುರಕ್ಕೆ ಹೋದೆ. ಅಂದಿನಿಂದ ಈ ಶಾಲೆಯ ಹುಡುಗಿಯರಿಗೆ ನಾನು ಮೊದಲು ಕಲಿಸುವ ಪಾಠ, ಕಡ್ಡಿ ಕಟ್ಟಿದ ಮೇಲೆ ಮತ್ತೆ ಶ್ರುತಿ ನೋಡಿ ಎನ್ನುವುದು. ಎಂಥ ಗುರು ನಾನು!

ಈ ವರ್ಷ ನಿನ್ನ ಮಗಳು ನಮ್ಮ ಹಾಸ್ಟೆಲಿಗೆ ಸೇರಿದಳು. ಕಣ್ಣು, ಗಂಟಲು ಎರಡೂ ನಿನ್ನವೇ. ಅಮ್ಮ ಮನೆಯಲ್ಲಿ ಹಾಡುತ್ತಾಳೇನಮ್ಮ ಎಂದು ಕೇಳಿದೆ. ಕೇಳಬಾರದಿತ್ತು.

‘ಇಲ್ಲ ಟೀಚರ್. ಜೋಗುಳಾನೂ ಹಾಡ್ಲಿಲ್ವಂತೆ ನಮ್ಗೆ. ಅಮ್ಮಂಗೆ ಶ್ರುತಿ ನಿಲ್ಲಲ್ವಂತೆ. ಸುಳ್ಳು ಹೇಳ್ತೀಯ ಅಂದ್ರೆ, ನಿಮ್ ಜಯಾ ಟೀಚರನ್ನೇ ಕೇಳು, ಪಕ್ಕದಲ್ಲೇ ಇದ್ಲು ಅಂತಾರೆ. ಹೌದಾ ಟೀಚರ್?’

ರತ್ನ, ನಾನು ಅವಳಿಗೂ ತಲೆಯಾಡಿಸಿದೆ.

ಮೊನ್ನೆ ನಡೆದದ್ದು ಇದು. ಆಗ ನಾನು ಹುಡುಗಿ, ಸಿಟ್ಟಿನಲ್ಲಿದ್ದೆ ಎನ್ನಬಹುದು. ಮೊನ್ನೆ ಯಾವ ಸಿಟ್ಟಿತ್ತು? ಬರೀ ಹೇಡಿತನ. ನಾಳೆ ಹಾಡಿನ ತರಗತಿಯಲ್ಲಿ ನಿನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ದಿನದಂತೆಯೇ ಬಿಗಿದು ಕಟ್ಟಿ, ಅವಳ ಕಿವಿಗೇ ಕೇಳಿಸುತ್ತೇನೆ. ಭಾನುವಾರ ಅವಳೊಂದಿಗೆ ಶ್ರೀನಿವಾಸಪುರದ ಬಸ್ಸು ಹತ್ತುತ್ತೇನೆ. ಕಡ್ಡಿ ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ, ಅದನ್ನೂ ಗಿಟಾರನ್ನೂ ತರುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಜಗಲಿಯ ಮೇಲೆ ಕೂತು ಶ್ರುತಿ ಮಾಡುತ್ತೇನೆ, ಈ ಸಲ ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿ. ನೀನು ಹಾಡಬೇಕೆಂದು ಕೇಳುವ ಮುಖ ನನಗಿಲ್ಲ. ಒಳಗಿನಿಂದ ಕೇಳಿಸಿಕೊಂಡರೆ ಸಾಕು.