ಮಕ್ಕಳು ಹಾಕಿಕೊಳ್ಳದ ಕನ್ನಡಕಗಳು

“ನಾವು ಕೊಟ್ಟ ಕನ್ನಡಕಾನ ಅರ್ಧಕ್ಕರ್ಧ ಮಕ್ಕಳು ಹಾಕ್ಕೊಳ್ತಾನೇ ಇಲ್ಲ ಸಾರ್.”

ರಾಮಕೃಷ್ಣನಗರದ ಸಭೆಯೊಂದರಲ್ಲಿ ಫಿಲೋಮಿನಾ ಮೇಡಂ ಹೀಗೆಂದರು. ಎದುರಿಗೆ ಕುಳಿತಿದ್ದವರು ನಮ್ಮಂಥ ಸಣ್ಣ ಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ಹಿರಿಯರು. ಮೇಡಂ ಸಂಸ್ಥೆಯಂತೆ ನಮ್ಮದೂ ಸರ್ಕಾರಿ ಶಾಲೆಯ ಮಕ್ಕಳಿಗೆ ಕನ್ನಡಕ ಕೊಡುವ ಕೆಲಸವೇ. ಎಷ್ಟು ಹಂಚಿದೆವೆಂದು ಆಗಷ್ಟೇ ಹೆಮ್ಮೆಯಿಂದ ಓದಿ ಕುಳಿತಿದ್ದೆ. ಹಂಚಿದ ಮೇಲೆ ಒಂದು ಮಗುವಿನ ಮುಖವನ್ನೂ ನೋಡಲು ಹೋಗಿರಲಿಲ್ಲ.

ಮೇಡಂ ಹೋಗಿದ್ದರು. ಕನ್ನಡಕ ಯಾಕೆ ಹಾಕಿಲ್ಲವೆಂದು ಒಂದೊಂದು ಮಗುವನ್ನೂ ಕೇಳಿ ಬರೆದುಕೊಂಡಿದ್ದರು. ಫ್ರೇಮು ಮೂಗಿನಿಂದ ಜಾರುತ್ತದೆ. ಗೆಳತಿಯರು ‘ಅಜ್ಜಿ’ ಅಂತ ರೇಗಿಸುತ್ತಾರೆ. ಒಡೆದುಹೋದೀತೆಂದು ಅಮ್ಮ ಬೀರುವಿನಲ್ಲಿಟ್ಟಿದ್ದಾರೆ.

ಮೇಡಂಗೆ ಸಿಗಬೇಕಿದ್ದ ಅನುದಾನ ಹೋಯಿತು ಎಂದುಕೊಂಡೆ. ಆದರೆ ಆ ಹಿರಿಯರು ಈ ಕಾರಣಗಳ ಪಟ್ಟಿಯನ್ನು ಎರಡು ಸಲ ಓದಿ, ಫ್ರೇಮು ಬದಲಿಸುವುದಕ್ಕೂ ಶಾಲೆಗಳಿಗೆ ಮತ್ತೆ ಹೋಗಿ ನೋಡುವುದಕ್ಕೂ ನೆರವು ಕೊಡಲು ಅಲ್ಲೇ ಒಪ್ಪಿದರು. ಹೊರಗೆ ಬಂದಾಗ ಮೇಡಂ ಆ ಪಟ್ಟಿಯ ಒಂದು ಪ್ರತಿಯನ್ನು ನನ್ನ ಕೈಗಿಟ್ಟರು. ಅದೇ ಅನುದಾನಕ್ಕೆ ಅವರಂತೆ ನಾನೂ ಅರ್ಜಿ ಹಾಕಿದ್ದೆ!

“ನನಗ್ಯಾಕೆ ಮೇಡಂ?” ಎಂದೆ.

“ನಾವು ಎಡವಿದ ಕಡೆ ನೀವೂ ಎಡವೋದು ಬೇಡ ಕಣ್ರೀ” ಎಂದು ನಕ್ಕರು.

ಈಗ ಶಾಲೆಗಳಿಗೆ ಬಗೆಬಗೆಯ ಫ್ರೇಮು ಒಯ್ಯುತ್ತೇವೆ, ಮಕ್ಕಳೇ ಆರಿಸಿಕೊಳ್ಳುತ್ತಾರೆ. ಕೆಲವು ತಿಂಗಳ ನಂತರ ನಾನೇ ಹೋಗಿ ನೋಡುತ್ತೇನೆ. ಹಾಕಿಕೊಳ್ಳದವರು ಈಗಲೂ ಇದ್ದಾರೆ. ಅವರೆಷ್ಟು ಮಂದಿ ಎಂಬುದನ್ನು ನಮ್ಮ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ.