ಸೇರು ರಾಗಿಯ ಆಟ

"ಅದು ಆಗಲ್ಲ ಬಿಡವ್ವ" ಎಂದು ಮೊಟ್ಟಮೊದಲು ಹೇಳಿದವನು ನನ್ನ ಸೋದರಮಾವ, ಕಡೂರು ತಾಲೂಕಿನ ಯಗಟಿಯ ಕಲ್ಲೇಶಪ್ಪ. ಹೇಳುವಾಗ ಅವನು ಅಜ್ಜಂಪುರದ ನಮ್ಮ ಮನೆಯ ಅಡುಗೆಕೋಣೆಯ ಗೋಡೆಗೆ ಒರಗಿ, ಮುದ್ದೆ ಉಂಡ ಕೈಯನ್ನು ತಟ್ಟೆಯಲ್ಲೇ ತೊಳೆದುಕೊಳ್ಳುತ್ತ, ಎದುರಿನ ಗೂಡಿನಲ್ಲಿದ್ದ ಕಬ್ಬಿಣದ ಸೇರನ್ನು ನೋಡುತ್ತಿದ್ದ. ನೀವು ನಮ್ಮ ಮನೆಗೆ ಬಂದರೆ ನಿಮ್ಮ ಕಣ್ಣಿಗೂ ಅದು ಬಿದ್ದೀತು: ಅಂಚು ಸವೆದು ನುಣುಪಾದ, ಒಂದು ಮಗ್ಗುಲು ತಗ್ಗು ಬಿದ್ದ, ತಳಕ್ಕೆ ತಗಡಿನ ತೇಪೆ ಹಾಕಿಸಿಕೊಂಡ ಹಳೆಯ ಸೇರು. ಕಿಲೋ ಬಂದು ಎಷ್ಟೋ ಕಾಲವಾದರೂ ನಮ್ಮ ಕಡೆಯ ಹಿರಿಯರ ಬಾಯಲ್ಲಿ ರಾಗಿಗೆ ಇಂದಿಗೂ ಸೇರಿನದೇ ಲೆಕ್ಕ. ವಿಚಿತ್ರವೆಂದರೆ ಅವ್ವ ಅದರಲ್ಲಿ ಒಂದು ದಿನವೂ ಮನೆಯ ಕಾಳು ಅಳೆದವಳಲ್ಲ. ಗಿರಣಿಗೆ ರಾಗಿ ಕೊಡಬೇಕಾದಾಗ ತಂಬಿಗೆಯಲ್ಲಿ ಮೊಗೆಯುತ್ತಾಳೆ. ಸೇರನ್ನು ಹಬ್ಬಕ್ಕೊಮ್ಮೆ ಬೂದಿ ಹಚ್ಚಿ ಉಜ್ಜಿ, ಸೆರಗಿನಲ್ಲಿ ಒರೆಸಿ, ಮತ್ತೆ ಗೂಡಿನಲ್ಲಿಡುತ್ತಾಳೆ. ಅದು ನಮ್ಮ ಸ್ವತ್ತಲ್ಲ. ನಮ್ಮ ಮನೆಯಲ್ಲಿ ಉಳಿದುಹೋದದ್ದು.

ಮಾವನ 'ಆಗಲ್ಲ' ನನಗೆ ಹೊಸದೂ ಅಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದು ಕಾಲೇಜಿನ ಮಾತೆತ್ತಿದಾಗ ಇದೇ ಗೋಡೆಗೆ ಒರಗಿ ಕೂತು, "ನಮ್ ಪೈಕೀಲಿ ಯಾರು ಕಾಲೇಜ್ ಮೆಟ್ಲು ಹತ್ತವ್ರೆ ಹೇಳು ನೋಡಾನ? ಅದು ಆಗಲ್ಲ ಬಿಡವ್ವ" ಎಂದಿದ್ದ. ಆಯಿತು. ಅಪ್ಪನ ಕಡೆಗೂ ಅವ್ವನ ಕಡೆಗೂ ಮೊದಲ ಪದವೀಧರೆ ನಾನೇ. ಈ ಮಾತನ್ನು ಬರೆಯುವಾಗ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನೀವು ಅದನ್ನು ಜಂಬವೆಂದರೂ ನನ್ನ ತಕರಾರಿಲ್ಲ. ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕಿ. ಅತಿಥಿಯೆಂಬುದು ಎಷ್ಟು ಮರ್ಯಾದೆಯ ಶಬ್ದವೋ ಅಷ್ಟೇ ಅಸ್ಥಿರತೆಯ ಶಬ್ದವೂ ಹೌದು. ಪ್ರತಿ ಜೂನಿನಲ್ಲಿ ನಾನೇ ಹೋಗಿ ನನ್ನನ್ನು ಮತ್ತೆ ಕರೆಯಿರಿ ಎಂದು ಕೇಳಿಕೊಳ್ಳಬೇಕು. ಅದಿರಲಿ. ಒಮ್ಮೆ ಸುಳ್ಳಾದ ಮಾವನ ಬಾಯಿ ಇನ್ನೊಮ್ಮೆಯೂ ಸುಳ್ಳಾಗುತ್ತದೆಂದು ನಾನು ಲೆಕ್ಕ ಹಾಕಿದೆ. ಮಕ್ಕಳಿಗೆ ಲೆಕ್ಕ ಕಲಿಸುವವಳ ಲೆಕ್ಕ ಅಲ್ಲೇ ತಪ್ಪಿತು.

ಈ ಸಲ ಅವನು ಆಗಲ್ಲ ಎಂದದ್ದು ಒಂದು ಆಟದ ಬಗ್ಗೆ. ಅದರ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲವಾದ್ದರಿಂದ, ಅವ್ವನಿಂದ, ಮಾವನಿಂದ ಕೇಳಿದ್ದನ್ನು ನಿಮಗೆ ಹೇಳುತ್ತೇನೆ.

ಆಗ ಅಜ್ಜಂಪುರ ತರೀಕೆರೆ ತಾಲೂಕಿನೊಳಗೇ ಇತ್ತು. ಪ್ರೌಢಶಾಲೆಯ ಹೆಣ್ಣುಮಕ್ಕಳ ಖೋ ಖೋ ಪಂದ್ಯವೊಂದರಲ್ಲಿ ತರೀಕೆರೆಯವರು ಬೆನ್ನಟ್ಟುತ್ತಿದ್ದಾಗ ಕಡೂರು ಕಡೆಯ ಕುರಿಗಾಹಿಯ ಮಗಳೊಬ್ಬಳು ತಪ್ಪಿಸಿಕೊಳ್ಳಲು ತಿರುಗಿದವಳು ಕಂಬಕ್ಕೆ ಬಡಿದು ಮಂಡಿ ಮುರಿದುಕೊಂಡಳು. ಔಟಾದಳೆಂದು ತರೀಕೆರೆಯ ಹುಡುಗಿಯರು ಕುಣಿದರಂತೆ. ಅವಳು ಏಳಲಿಲ್ಲವೆಂದು ಆಮೇಲೆ ತಿಳಿಯಿತು. ಅವರ ಡ್ರಿಲ್ ಮೇಷ್ಟ್ರು ಓಂಕಾರಪ್ಪನವರು ಆ ಹುಡುಗಿಯರನ್ನೇ ಕರೆದುಕೊಂಡು ಆಸ್ಪತ್ರೆಗೆ ಹೋದರು. ಮಗಳ ಕಾಲಿಗಾಗಿ ಕುರಿಗಳು ಮಾರಾಟವಾಗುತ್ತಿದ್ದವು, ಅವಳ ಓದು ಅಲ್ಲಿಗೇ ನಿಲ್ಲುವುದರಲ್ಲಿತ್ತು. ವಾಪಸಾದ ಮೇಷ್ಟ್ರು ಎರಡೂ ತಾಲೂಕುಗಳ ಶಾಲೆಗಳಿಂದ ಅತ್ಯುತ್ತಮ ಆಟಗಾರ್ತಿಯರನ್ನು ಆಯ್ದು ಅವಳಿಗಾಗಿ ಒಂದು ಪಂದ್ಯ ಹೂಡಿದರು. "ದುಡ್ ಕೇಳಿದ್ರೆ ಜನ ಜೇಬು ಮುಟ್ಟಿ ನೋಡ್ಕಂಡು ವಾಪಸ್ ಹೋಯ್ತಾರೆ ಕಣ್ರೀ, ರಾಗಿ ಕೇಳಿ. ಒಕ್ಕಣೆ ಮುಗಿದೈತೆ, ಯಾರ್ ಮನೇಲಿಲ್ಲ?" ಎಂದು ಟಿಕೇಟಿನ ಬದಲು ಒಂದು ಸೇರು ರಾಗಿ ಎಂದು ಸಾರಿದರು. ಹುಡುಗಿ ಕುಂಟುತ್ತಲಾದರೂ ಶಾಲೆಗೆ ಮರಳಿದಳು. ಅಂದಿನಿಂದ ಪ್ರತಿ ಸಂಕ್ರಾಂತಿಯ ಆಸುಪಾಸಿನಲ್ಲಿ, ಕಾಲೇಜು ಸೇರಲಾಗದ ಒಬ್ಬ ಹುಡುಗಿಗಾಗಿ ಕಡೂರು ತರೀಕೆರೆಗಳ ಆಯ್ದ ತಂಡಗಳು ಆಡತೊಡಗಿದವು.

ಮೇಷ್ಟ್ರ ಜಾಣತನ ಬಾಗಿಲಲ್ಲಿತ್ತು. ಅಲ್ಲಿ ಎರಡು ಗೋಣಿಚೀಲಗಳು: ಒಂದು ಕಡೂರಿನದು, ಇನ್ನೊಂದು ತರೀಕೆರೆಯದು. ಎರಡೂ ಹೋಗುವುದು ಒಂದೇ ಹುಡುಗಿಯ ಮನೆಗೆ. ಆದರೆ ಯಾರ ಚೀಲ ಮೊದಲು ತುಂಬಿತೆಂಬುದನ್ನು ಮೈಕಿನಲ್ಲಿ ಕೂಗಿ ಹೇಳುತ್ತಿದ್ದರು, ನೋಡಿ! ಅಂಕಣದಲ್ಲಿ ಸೋತವರು ಚೀಲದಲ್ಲಾದರೂ ಗೆಲ್ಲಬೇಕೆಂದು ಮನೆಗೆ ಓಡಿ ಇನ್ನೊಂದು ಮೂಟೆ ಹೊತ್ತು ತರುತ್ತಿದ್ದರಂತೆ. ಅಲ್ಲಿ ಅಳೆಯುತ್ತಿದ್ದುದೇ ನಮ್ಮ ಗೂಡಿನ ಸೇರು; ಅದರ ಮಗ್ಗುಲಿನ ತಗ್ಗು, ಅಂಥ ಒಂದು ವರ್ಷ ಯಾರೋ ಸಿಟ್ಟಿನಿಂದ ಒದ್ದದ್ದು. ಇನ್ನೊಂದು ಕಟ್ಟಳೆಯೂ ಇತ್ತು: ಹಿಂದಿನ ವರ್ಷ ಯಾರ ಮನೆಗೆ ರಾಗಿ ಹೋಗಿತ್ತೋ ಆ ಮನೆಯ ಹೆಂಗಸೇ ಈ ವರ್ಷ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು ಅಳೆಯಬೇಕು. ಪಡೆದ ಕೈ ಹೀಗೆ ಒಂದು ವರ್ಷದಲ್ಲಿ ಅಳೆಯುವ ಕೈಯಾಗುತ್ತಿತ್ತು. ಪಡೆದೆನೆಂಬ ಸಂಕೋಚ ಆ ಬೆಂಚಿನ ಮೇಲೆ ಎಲ್ಲರೆದುರು ಕರಗಿಹೋಗುತ್ತಿತ್ತು.

ಅಪ್ಪ ತೀರಿಹೋದ ಮರುವರ್ಷ ಆ ರಾಗಿ ನಮ್ಮ ಮನೆಗೆ ಬಂತು. ವರ್ತಕರು ಮೈದಾನದಲ್ಲೇ ಅದನ್ನು ಕೊಂಡರು, ಆ ಹಣದಿಂದ ನಾನು ಕಾಲೇಜು ಸೇರಿದೆ. ಅಂದು ಮಾವ ಗಂಟಲು ಹರಿಯುವಂತೆ ಕೂಗಿದ್ದು ಕಡೂರಿನ ಪರ. "ನಿನ್ ಓದಿಗೇ ಹಾಕಿದ್ದು ಕಣಮ್ಮಿ, ಆದ್ರೆ ಕಡೂರ್ ಚೀಲಕ್ಕೇ ಹಾಕಿದ್ದು. ಮಾನ ಬಿಡಾಕಾಯ್ತದಾ?" ಎಂದ. ಆಟ ಮುಗಿದಾಗ ಓಂಕಾರಪ್ಪ ಮೇಷ್ಟ್ರು ಸೇರನ್ನು ಅವ್ವನ ಕೈಗಿತ್ತು, "ಮುಂದಿನ್ ವರ್ಷ ನಿಮ್ದು ಗಿರಿಜಮ್ಮ, ಬೇಗ ಬಂದ್ಬಿಡಿ" ಎಂದರು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದ್ದು ನನಗಿನ್ನೂ ನೆನಪಿದೆ, ತವರಿಂದ ಕೂಸನ್ನು ತರುವವಳ ಹಾಗೆ.

ಆ ಮುಂದಿನ ವರ್ಷ ಬರಲೇ ಇಲ್ಲ. ಮೇಷ್ಟ್ರು ನಿವೃತ್ತರಾದರು. ಅಜ್ಜಂಪುರ ಹೊಸ ತಾಲೂಕಾಗುತ್ತದೆಂಬ ಸುದ್ದಿ ಬಂತು. ನಾವು ಬಸ್ ನಿಲ್ದಾಣದಲ್ಲಿ ಪಟಾಕಿ ಹೊಡೆದೆವು, ನಾನೂ ಹೊಡೆದೆ. ಹೊಗೆ ಚದುರುವ ಮೊದಲೇ ಪ್ರಶ್ನೆ ಎದ್ದಿತು: ಅಜ್ಜಂಪುರದ ಹುಡುಗಿಯರು ಇನ್ನು ಯಾರ ಪರ ಆಡಬೇಕು? ಎರಡು ಕಡೆಗಳಷ್ಟೇ ಇರಬಲ್ಲ ಆಟಕ್ಕೆ ಮೂರನೆಯ ಕಡೆಯೊಂದು ಹುಟ್ಟಿತ್ತು. ಪ್ರತಿ ಸಂಕ್ರಾಂತಿಗೆ ಅವ್ವ ಸೇರನ್ನು ಉಜ್ಜಿ, "ಈ ವರ್ಷನೂ ಇಲ್ವಂತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೂಡಿಗೆ ಇಡುತ್ತಿದ್ದಳು.

ಹೀಗೆ ಸತ್ತ ಆಟವನ್ನು ಎಬ್ಬಿಸಲು ನಾನು ಹೊರಟದ್ದು ಚೈತ್ರಾಳಿಗಾಗಿ. ಬುಕ್ಕಾಂಬುಧಿಯಿಂದ ಬಸ್ಸಿನಲ್ಲಿ ಬರುವ, ಅಜ್ಜಿಯೊಬ್ಬಳನ್ನು ಬಿಟ್ಟರೆ ಯಾರೂ ಇಲ್ಲದ ನನ್ನ ವಿದ್ಯಾರ್ಥಿನಿ, ಹತ್ತನೆಯ ತರಗತಿ. ವರ್ಗಸಮೀಕರಣವನ್ನು ಕಪ್ಪುಹಲಗೆಯ ಮೇಲೆ ನಾನು ಬರೆದು ಮುಗಿಸುವುದರೊಳಗೆ ಬಿಡಿಸಿ ಕೂತಿರುತ್ತಾಳೆ, ಖೋ ಖೋದಲ್ಲಿ ಕಂಬ ಹಿಡಿದು ತಿರುಗಿದರೆ ಗಾಳಿಗೂ ಸಿಗುವುದಿಲ್ಲ. ಪರೀಕ್ಷೆ ಮುಗಿದೊಡನೆ ಅವಳನ್ನು ಗಾರ್ಮೆಂಟ್ಸ್ ಕೆಲಸಕ್ಕೆ ಕಳಿಸುವುದೆಂದು ಅಜ್ಜಿ ತೀರ್ಮಾನಿಸಿಯಾಗಿತ್ತು. ಒಂದು ಪಂದ್ಯ, ಎರಡು ತುಂಬಿದ ಚೀಲ, ಅವಳ ಪಿಯುಸಿ. ನನಗೆ ಅಷ್ಟೇ ಬೇಕಿತ್ತು.

ಮೂರೂ ಕಡೆಯ ದೈಹಿಕ ಶಿಕ್ಷಕರನ್ನು ಒಂದು ಭಾನುವಾರ ಕೂರಿಸಿದೆ.

"ಬೇರೆ ಆಗಿ ಹೋದ್ಮೇಲೆ ಅವ್ರ ಹುಡುಗೀರು ನಮ್ ಟೀಮಲ್ಲಿ ಯಾಕ್ರೀ ಮೇಡಂ?" ಎಂದರು ತರೀಕೆರೆಯವರು.

"ನಾವೇನು ನಿಮ್ ಬನಿಯನ್ ಹಾಕ್ತೀವಿ ಅಂತ ಅರ್ಜಿ ಕೊಟ್ಟಿದೀವಾ?" ಎಂದರು ಅಜ್ಜಂಪುರದವರು.

"ನಾವು ಯಾರನ್ನ ಸೋಲಿಸ್ಬೇಕು ಅನ್ನೋದ್ನ ನೀವಿಬ್ರೂ ಮಾತಾಡ್ಕಂಡು ತಿಳಿಸ್ರಿ, ಅಲ್ಲೀವರ್ಗೂ ಟೀ ಕುಡೀತೀನಿ" ಎಂದರು ಕಡೂರಿನವರು.

ಆಗ ನನ್ನ ಪದವಿ ಕೆಲಸ ಮಾಡಿತು. ಎಲ್ಲ ಹುಡುಗಿಯರ ಹೆಸರುಗಳನ್ನೂ ಚೀಟಿಯಲ್ಲಿ ಬರೆದು ಕಲೆಸಿ, ನೀಲಿ ತಂಡ, ಬಿಳಿ ತಂಡವೆಂದು ಎತ್ತಿಬಿಡೋಣ. ಯಾವ ತಾಲೂಕಿನ ಹೆಸರೂ ಬೇಡ, ಬಾಗಿಲಲ್ಲಿ ಒಂದೇ ಚೀಲ ಸಾಕು ಎಂದೆ. ಮೂವರೂ ತಕ್ಷಣ ಒಪ್ಪಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಹೆಮ್ಮೆ. ಮನೆಗೆ ಬಂದು ಮಾವನಿಗೆ ಹೇಳಿದೆ. ಅವನು ಸೇರನ್ನೇ ನೋಡುತ್ತ, ಮೊದಲು ಹೇಳಿದೆನಲ್ಲ, ಆ ಮಾತನ್ನು ಹೇಳಿದ.

ಪಂದ್ಯದ ದಿನ ಅವ್ವ ಬೆಳಗಿನ ಎಂಟಕ್ಕೇ ತಲೆಸ್ನಾನ ಮಾಡಿ, ಮಡಿಸಿಟ್ಟಿದ್ದ ಸೀರೆಯುಟ್ಟು, ಶಾಲೆಯ ಮೈದಾನದ ಬಾಗಿಲಲ್ಲಿ ಬೆಂಚು ಹಾಕಿಸಿಕೊಂಡು ಕೂತಳು. ಪಕ್ಕದಲ್ಲಿ ಬಾಯಿ ಬಿಚ್ಚಿದ ಚೀಲ, ಮಡಿಲಲ್ಲಿ ಸೇರು. ಒಳಗೆ ಸುಣ್ಣದ ಗೆರೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹುಡುಗಿಯರು ಹೇಗೆ ಆಡಿದರೆಂದು ನಾನು ಹೇಳಿದರೆ ನೀವು ನಂಬಲಾರಿರಿ. ಮೂರು ತಾಲೂಕುಗಳ ಮಕ್ಕಳು ಒಬ್ಬಳು ಅತ್ತ, ಪಕ್ಕದವಳು ಇತ್ತ ಮುಖ ಮಾಡಿ ಸಾಲಾಗಿ ಕೂತು, ಬೆನ್ನ ಹಿಂದಿನ ಒಂದು ಕೂಗಿಗಾಗಿ ಮೈಯೆಲ್ಲ ಕಿವಿಯಾಗಿಸಿಕೊಂಡಿದ್ದರು. ಹಿಂದಿನ ದಿನದವರೆಗೆ ಹೆಸರೂ ತಿಳಿಯದವರು ಒಬ್ಬರ ಬೆನ್ನು ಒಬ್ಬರು ತಟ್ಟಿ ಎಬ್ಬಿಸುತ್ತಿದ್ದರು. ಬಿಳಿ ತಂಡದ ಚೈತ್ರಾಳನ್ನು ಹಿಡಿಯಲು ನೀಲಿ ತಂಡದ ಒಂಬತ್ತೂ ಮಂದಿ ಎದ್ದು ಕೂತು ಎದ್ದು ಕೂತು ಸೋತರು. ನೋಡಲು ಇದ್ದವರು ನಾವು ಮೇಷ್ಟ್ರುಗಳು, ನಮ್ಮ ಶಾಲೆಯ ಮಕ್ಕಳು ಮತ್ತು ಬೆರಳೆಣಿಕೆಯ ತಾಯ್ತಂದೆಯರು.

ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕು ನಿಲ್ಲಿಸಿ ಗೋಡೆಯ ಮೇಲಿಂದ ಇಣುಕಿದರು. "ಯಾವೂರಿಗೂ ಯಾವೂರಿಗೂ ಮ್ಯಾಚು?"

"ಎಲ್ಲಾ ಊರೋರೂ ಸೇರ್ಕಂಡು ಆಡ್ತಾವ್ರೆ, ಬನ್ನಿ" ಎಂದಳು ಅವ್ವ.

"ಹಂಗಾರೆ ಸೋಲೋರ್ಯಾರು?" ಎಂದು ಕೇಳಿ ಬೈಕು ಸ್ಟಾರ್ಟ್ ಮಾಡಿದರು.

ಹನ್ನೊಂದರ ಸುಮಾರಿಗೆ ಮಾವ ಯಗಟಿಯಿಂದ ಬಂದ, ಹೆಗಲ ಮೇಲೆ ಸಣ್ಣ ಮೂಟೆ. ಒಂದು ಸೇರು ಅಳೆಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಗೆ ಹೋಗಿ ಮತ್ತೆ ಬಾಗಿಲಿಗೆ ಬಂದು ಇನ್ನೊಂದು ಅಳೆಸಿದ. ಮೂರನೆಯ ಸಲ ಬಂದಾಗ ಅವ್ವ ಸೇರನ್ನು ಕೈಯಲ್ಲೇ ಹಿಡಿದು, "ಲೇ ಕಲ್ಲೇಶಿ, ಎಷ್ಟ್ ಸಲ ಬತ್ತೀಯೋ?" ಎಂದಳು.

"ನಾನು ಆಗ ಬಂದೋನಲ್ಲ ಕಣಕ್ಕ. ಮೊದ್ಲು ಬಂದೋನು ಕಡೂರೋನು, ಆಮೇಲ್ ಬಂದೋನು ಅಜ್ಜಂಪುರದೋನು. ಈಗ ನಾನು ತರೀಕೆರೆಯೋನು. ಅಳೀ, ಅಳೀ, ತರೀಕೆರೆ ಮಾನ ಹೋಯ್ತದೆ" ಎಂದ.

ಅವ್ವ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗೆಳೆಯರೇ, ಅಂದಿನಿಂದ ನಾನು ಒಂದೇ ವಿಷಯವನ್ನು ತಿರುವಿ ತಿರುವಿ ನೋಡುತ್ತಿದ್ದೇನೆ. ಜಗಳವನ್ನು ಕಿತ್ತು ತೆಗೆದರೆ ಒಳ್ಳೆಯತನವೊಂದೇ ಶುದ್ಧವಾಗಿ ಉಳಿಯುತ್ತದೆಂದು ನಾನು ನಂಬಿದ್ದೆ. ಓದು ನನಗೆ ಕಲಿಸಿದ್ದೂ ಅದನ್ನೇ: ಸಮೀಕರಣದಲ್ಲಿ ಬೇಡದ ಪದವನ್ನು ಹೊಡೆದುಹಾಕಿದರೆ ಉತ್ತರ ಸಿಗುತ್ತದೆ. ಆದರೆ ಓಂಕಾರಪ್ಪ ಮೇಷ್ಟ್ರು ಆ ಎರಡು ಚೀಲಗಳನ್ನು ಸುಮ್ಮನೆ ಇಟ್ಟಿರಲಿಲ್ಲ. ನಮ್ಮ ಜನ ರಾಗಿ ಸುರಿದದ್ದು ಅಪರಿಚಿತ ಹುಡುಗಿಯ ಮೇಲಿನ ಕರುಣೆಯಿಂದಲ್ಲ, ಪಕ್ಕದ ತಾಲೂಕಿನ ಮೇಲಿನ ಹಟದಿಂದ. ಆ ಹಟದ ಬೆನ್ನೇರಿ ಕರುಣೆ ತನಗರಿವಿಲ್ಲದೆಯೇ ಯಾರದೋ ಮನೆ ಮುಟ್ಟುತ್ತಿತ್ತು. ನನ್ನ ಓದನ್ನೂ ಮುಟ್ಟಿಸಿದ್ದು ಅದೇ. ಇದು ತಿಳಿದ ಮೇಲೆ ನನ್ನ ಪದವಿಯ ಮೇಲಿನ ಹೆಮ್ಮೆ ಕಡಿಮೆಯಾಯಿತೇ ಎಂದು ಕೇಳಿದರೆ, ಇಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಭಾರ ಬಂದು ಕೂತಿದೆ, ಅಷ್ಟೇ. ಮುಂದಿನ ವರ್ಷ ಮತ್ತೆ ತಾಲೂಕುಗಳ ಹೆಸರಿನಲ್ಲೇ ಆಡಿಸಬಾರದೇ ಎಂದು ನೀವು ಕೇಳಬಹುದು. ಎರಡು ಚೀಲಗಳ ಕಾಲ ಮುಗಿದಿದೆ, ಮೂರು ಚೀಲಗಳ ಆಟ ಯಾರಿಗೂ ಗೊತ್ತಿಲ್ಲ. ಅಲ್ಲದೆ ಚೈತ್ರಾಳಿಗೆ ಹತ್ತನೆಯ ತರಗತಿ ಇದ್ದದ್ದು ಈ ವರ್ಷ.

ಪಂದ್ಯದ ದಿನ ಸಂಜೆಯ ಹೊತ್ತಿಗೆ ಚೀಲ ಕಾಲುಭಾಗವೂ ತುಂಬಿರಲಿಲ್ಲ. ಕೊಳ್ಳಲು ಬಂದ ವರ್ತಕರು ಸ್ಕೂಟರಿನಿಂದ ಇಳಿಯದೆ ಚೀಲದೊಳಗೆ ಬಗ್ಗಿ ನೋಡಿ, "ಇರ್ಲಿ ಮೇಡಂ, ಮನೆ ಖರ್ಚಿಗೆ ಇಟ್ಕಳ್ಲಿ" ಎಂದು ಗಾಡಿ ತಿರುಗಿಸಿಕೊಂಡು ಹೋದರು. ಬಹುಮಾನ ವಿತರಿಸಬೇಕಾಗಿದ್ದ ಗಣ್ಯರು ಬರಲಿಲ್ಲ. ಅವರ ಕುರ್ಚಿಯಲ್ಲಿ ಮಾವನನ್ನು ಕೂರಿಸಿದೆವು; ಇದ್ದವರಲ್ಲಿ ಮೂರೂ ತಾಲೂಕಿನವನು ಅವನೊಬ್ಬನೇ ತಾನೆ. ನೀಲಿಯವರು ಸೋತಿದ್ದರು, ಬಿಳಿಯವರು ಗೆದ್ದಿದ್ದರು, ಎರಡಕ್ಕೂ ಯಾರೂ ಶಿಳ್ಳೆ ಹಾಕಲಿಲ್ಲ. ಶ್ರೇಷ್ಠ ಆಟಗಾರ್ತಿಯೆಂದು ಚೈತ್ರಾಳ ಹೆಸರು ಕೂಗಿದೆ. ನಾನೇ ಹಿಂದಿನ ದಿನ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಿದ್ದ ಪ್ರಮಾಣಪತ್ರವನ್ನು ಮಾವ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. 'ಆಗಲ್ಲ ಅಂದಿದ್ದೆನಲ್ಲ' ಎನ್ನುತ್ತಾನೆಂದು ಕಾದೆ. ಅವನು ತಲೆಯೆತ್ತಿ ನನ್ನತ್ತ ನೋಡಲೂ ಇಲ್ಲ.

ಬಾಗಿಲಲ್ಲಿ ಅವ್ವ ಚೈತ್ರಾಳ ಅಜ್ಜಿಯನ್ನು ನಿಲ್ಲಿಸಿಕೊಂಡಿದ್ದಳು. ಚೀಲದ ಬಾಯಿ ಕಟ್ಟಿ ಅಜ್ಜಿಯ ಪಕ್ಕಕ್ಕಿಟ್ಟು, ಸೇರನ್ನು ಸೆರಗಿನಿಂದ ಒರೆಸಿ, ಇಷ್ಟು ವರ್ಷ ಕಾದಿಟ್ಟುಕೊಂಡಿದ್ದ ಮಾತನ್ನು ಹೇಳಿದಳು: "ಮುಂದಿನ್ ವರ್ಷ ನಿಮ್ದು ಕಣವ್ವ. ತಗಳಿ."

ಅಜ್ಜಿ ಸೇರನ್ನು ಕೈಗೆ ತೆಗೆದುಕೊಂಡರು. ಸವೆದ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ಮೊಮ್ಮಗಳು ಪ್ರಮಾಣಪತ್ರವನ್ನು ಮಡಿಸದೆ ಎದೆಗೊತ್ತಿ ಹಿಡಿದು ಬರುತ್ತಿರುವುದನ್ನು ಒಮ್ಮೆ ನೋಡಿ, ಸೇರನ್ನು ಮೆಲ್ಲಗೆ ಅವ್ವನ ಮಡಿಲಿಗೇ ಹಿಂತಿರುಗಿಸಿದರು.

"ಈ ರಾಗಿ ಹಿಟ್ಟಿಗಾಯ್ತದೆ ತಾಯಿ, ಓದಿಗಾಗಲ್ಲ. ಸೇರು ನಿಮ್ಮನೇಲೇ ಇರ್ಲಿ."